‘ಈ ಮಾತ್ರೆ ಬಿಡಬಹುದಾ ಸರ್?’

ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ನನ್ನನ್ನು ಜನ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: “ಈಗ ಆರಾಮಾಗಿದ್ದೇನೆ, ಈ ಮಾತ್ರೆ ಬಿಡಬಹುದಾ ಸರ್?” ಕೈಯಲ್ಲಿರುವುದು ಹೆಚ್ಚಾಗಿ ಖಿನ್ನತೆಗೆ ಕೊಡುವ ಎಸಿಟಾಲೋಪ್ರಾಮ್ ಸ್ಟ್ರಿಪ್. ಬಿಡಿ ಎನ್ನುವುದಾಗಲಿ, ಬೇಡ ಎನ್ನುವುದಾಗಲಿ ಫಾರ್ಮಸಿಸ್ಟನ ಕೆಲಸವಲ್ಲ. ಆದರೆ ಮಾತ್ರೆ ಬರೆದುಕೊಟ್ಟ ವೈದ್ಯರ ಮುಂದೆ ಏನೇನು ಮಾತಾಡಿಕೊಳ್ಳಬೇಕೆಂದು ಹೇಳಬಲ್ಲೆ.

ಮೊದಲಿಗೆ, ಬಿಡುವ ಆಸೆಯನ್ನು ನೇರವಾಗಿ ಹೇಳಿಬಿಡಿ. ಬೈದಾರೆಂದು ಅಂಜಿ ತಾವೇ ನಿಲ್ಲಿಸಿಕೊಂಡು, ತಲೆಸುತ್ತು ಬಂದಾಗ ನನ್ನ ಬಳಿ ಬೇರೆ ಮಾತ್ರೆ ಕೇಳುವವರು ಕಡಿಮೆಯಿಲ್ಲ. ವೈದ್ಯರು ಮೊದಲು ನೋಡುವುದು ನೀವು ಎಷ್ಟು ಕಾಲದಿಂದ ಚೆನ್ನಾಗಿದ್ದೀರಿ ಎಂಬುದನ್ನು. ಗುಣವಾದ ಮೇಲೂ ಕನಿಷ್ಠ 6 ತಿಂಗಳು, ಖಿನ್ನತೆ ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ ಮುಂದುವರಿಸುವುದು ವಾಡಿಕೆ. ಬಹುಕಾಲ ಮಾತ್ರೆ ನುಂಗಿ, ಬಿಡುವಷ್ಟು ಚೇತರಿಸಿಕೊಂಡಿದ್ದವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಂತಹಂತವಾಗಿ ಬಿಟ್ಟವರ ಪೈಕಿ ವರ್ಷದೊಳಗೆ ಶೇ. 56 ಮಂದಿಗೆ ಖಿನ್ನತೆ ಮರಳಿತು, ಮುಂದುವರಿಸಿದವರಲ್ಲೂ ಶೇ. 39 ಮಂದಿಗೆ ಮರಳಿತು. ಹೆದರುವವರು ಮೊದಲ ಅಂಕಿಯನ್ನೂ ಧೈರ್ಯಸ್ಥರು ಎರಡನೆಯದನ್ನೂ ಹಿಡಿದುಕೊಳ್ಳುತ್ತಾರೆ. ವೈದ್ಯರೊಡನೆ ಎರಡನ್ನೂ ಇಟ್ಟುಕೊಂಡು ಮಾತಾಡಬೇಕು.

ಇನ್ನು ಇಳಿಸುವ ಕ್ರಮ. ಇಲ್ಲಿ ಎಸಿಟಾಲೋಪ್ರಾಮ್ 5, 10, 20 ಮಿಲಿಗ್ರಾಂಗಳಲ್ಲಿ ಸಿಗುವುದರಿಂದ, 10ರಿಂದ 5, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ಬಂದ್ ಎಂದು ಜನ ಲೆಕ್ಕ ಹಾಕುತ್ತಾರೆ. ದಿನ ಬಿಟ್ಟು ದಿನ ನುಂಗಿದರೆ ರಕ್ತದಲ್ಲಿ ಔಷಧದ ಪ್ರಮಾಣ ಏರಿಳಿಯುತ್ತದೆ. ಕಡಿಮೆ ಮಾಡಿದ ಡೋಸನ್ನು ದಿನವೂ ತಪ್ಪದೆ ನುಂಗುವುದೇ ಮೇಲು. ಇದೇ ಬಳಗದ ಸಿಟಾಲೋಪ್ರಾಮ್ 20 ಮಿಲಿಗ್ರಾಂ ಕೊಟ್ಟಾಗಲೇ ಮಿದುಳಿನಲ್ಲಿ ಅದು ಹಿಡಿಯಬೇಕಾದ ಜಾಗದ ಸುಮಾರು ಶೇ. 80 ತುಂಬಿರುತ್ತದೆ, 60ಕ್ಕೆ ಏರಿಸಿದರೂ ಹೆಚ್ಚುವುದು ಅಲ್ಪವೇ. ಹಾಗಾಗಿ ಮೇಲಿನ ಮಿಲಿಗ್ರಾಂಗಳನ್ನು ತೆಗೆದಾಗ ಗೊತ್ತಾಗದಿದ್ದ ವ್ಯತ್ಯಾಸ ಕೊನೆಯ ಮಿಲಿಗ್ರಾಂಗಳಲ್ಲಿ ಜೋರಾಗಿ ಗೊತ್ತಾಗುತ್ತದೆ. ಹೊರೊವಿಟ್ಜ್ ಮತ್ತು ಟೇಲರ್ ಎಂಬ ಸಂಶೋಧಕರು 2019ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು, ಡೋಸ್ ಇಳಿದಂತೆಲ್ಲ ಇಳಿಸುವ ಹೆಜ್ಜೆಯೂ ಚಿಕ್ಕದಾಗಬೇಕೆಂದು ವಾದಿಸಿದರು. ಕೆಲವರಿಗೆ ಕೆಲವು ವಾರ ಸಾಕು, ಕೆಲವರಿಗೆ ಹಲವು ತಿಂಗಳು ಬೇಕು.

ಇಷ್ಟು ಹೇಳಿದ ಮೇಲೂ ನಾನು ಸ್ಟ್ರಿಪ್ಪಿನ ಹಿಂಬದಿಯನ್ನು ತಿರುಗಿಸಿ ನೋಡುತ್ತೇನೆ. ಎಸಿಟಾಲೋಪ್ರಾಮ್ 10 ಮಿಲಿಗ್ರಾಂ ಜೊತೆಗೆ ಆತಂಕ ತಗ್ಗಿಸುವ ಕ್ಲೋನಾಜೆಪಾಮ್ 0.5 ಮಿಲಿಗ್ರಾಂ ಸೇರಿದ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ, ನುಂಗುವವರಿಗೆ ಅದು ಎರಡು ಔಷಧವೆಂಬುದೇ ಗೊತ್ತಿರುವುದಿಲ್ಲ. ಬಹುದಿನ ತೆಗೆದುಕೊಂಡ ಕ್ಲೋನಾಜೆಪಾಮನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಮಾತ್ರೆಯನ್ನು ಅರ್ಧ ಮಾಡಿದರೆ ಎರಡೂ ಒಟ್ಟಿಗೆ ಅರ್ಧವಾಗುತ್ತವೆ. ಎರಡನ್ನೂ ಬೇರೆಬೇರೆಯಾಗಿ ಬರೆದುಕೊಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳಲೇಬೇಕು.

“ಹಾಗಾದರೆ ಇದು ಚಟ ಅಲ್ಲವೇ?” ಎಂಬುದು ಮರುಪ್ರಶ್ನೆ. ಎಸಿಟಾಲೋಪ್ರಾಮ್ ಚಟವಲ್ಲ, ಇನ್ನಷ್ಟು ಬೇಕೆಂಬ ತುಡಿತ ಅದರಲ್ಲಿಲ್ಲ. ಆದರೂ ದೇಹ ಒಗ್ಗಿಕೊಂಡಿರುತ್ತದೆ. ಇಳಿಸಿದ ಕೆಲವೇ ದಿನಗಳಲ್ಲಿ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಝುಮ್, ಚಿತ್ರವಿಚಿತ್ರ ಕನಸು, ಸಿಡಿಮಿಡಿ ಬಂದರೆ ಅದು ಬಹುಪಾಲು ಔಷಧ ಇಳಿದುದರ ಪರಿಣಾಮ. ಹಳೆಯ ಖಿನ್ನತೆ ಸಾಮಾನ್ಯವಾಗಿ ವಾರಗಳ ಮೇಲೆ, ನಿಧಾನವಾಗಿ, ತನ್ನ ಹಳೆಯ ಲಕ್ಷಣಗಳೊಂದಿಗೇ ಮರಳುತ್ತದೆ. ಎರಡೂ ಬೆರೆತು ಕಂಡರೆ ಹಿಂದಿನ ಡೋಸಿಗೆ ಹೋಗಬೇಕೇ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಸಾಯುವ ಯೋಚನೆ ಬಂದರಂತೂ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬಾರದು; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಮದುವೆ, ಮಗಳ ಬಾಣಂತನ, ವರ್ಗಾವಣೆ ಇದ್ದರೆ ಅದನ್ನೂ ಹೇಳಿ. ಅದು ಮುಗಿಯಲಿ ಎಂದು ವೈದ್ಯರು ಮುಂದಕ್ಕೆ ಹಾಕಬಹುದು. ಕಾರಣ ಹೇಳದೆ “ಜೀವನಪೂರ್ತಿ ನುಂಗಿ” ಎಂದು ಒಂದೇ ಮಾತಿನಲ್ಲಿ ಎಬ್ಬಿಸಿ ಕಳಿಸಿದರೆ, ಹಳೆಯ ಚೀಟಿಗಳನ್ನೆಲ್ಲ ಹಿಡಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅಲ್ಲಿಯವರೆಗೆ ಈಗಿನ ಡೋಸ್ ತಪ್ಪಿಸಬೇಡಿ.