ಮೇಟರನ ನೆಗ್ಗುಗಳು

ನಾಲ್ಕು ವರ್ಷದ ನನ್ನ ಮಗ ಈ ಮಳೆಗಾಲದಲ್ಲಿ ಪಿಕ್ಸಾರ್ ಸಂಸ್ಥೆಯ, ಕಾರುಗಳೇ ಪಾತ್ರಗಳಾಗಿರುವ ‘ಕಾರ್ಸ್ 2’ ಎಂಬ ಅನಿಮೇಷನ್ ಚಿತ್ರವನ್ನು ಎಷ್ಟು ಸಲ ನೋಡಿದ್ದಾನೆಂಬ ಲೆಕ್ಕವನ್ನು ನಾನು ಬಿಟ್ಟು ಬಹಳ ದಿನಗಳಾದವು. 2006ರಲ್ಲಿ ಬಂದ ಮೊದಲ ಚಿತ್ರವನ್ನು ಹಾಕಿದರೆ ಅರ್ಧಕ್ಕೇ ಎದ್ದುಹೋಗಿ, 2011ರ ಈ ಎರಡನೆಯದೇ ಬೇಕೆಂದು ಹಟ ಹಿಡಿಯುತ್ತಾನೆ. ಮೊದಲನೆಯದನ್ನು ಬಹುವಾಗಿ ಮೆಚ್ಚಿಕೊಂಡಿರುವ ನನಗೆ ಇದು ನಿಜಕ್ಕೂ ಬೇಸರ ತಂದ ಸಂಗತಿ.

ಅವನಿಗೆ ಇನ್ನೂ ಇಂಗ್ಲಿಷ್ ಬಾರದು. ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಕಥೆ ಹೇಳುವುದು ನನ್ನ ಪಾಲಿನ ಕೆಲಸ. ಮೊದಲ ಚಿತ್ರದ ಕಥೆಯನ್ನು ಅನ್ನ ಕಲಸಿ ತುತ್ತಿಡುತ್ತಲೇ ಹೇಳಿ ಮುಗಿಸಬಹುದು. ಗೆಲುವಿನ ಅಮಲಿನಲ್ಲಿದ್ದ ರೇಸ್ ಕಾರು ಮೆಕ್ವೀನ್ ದಾರಿ ತಪ್ಪಿ, ಹೊಸ ಹೆದ್ದಾರಿಯಿಂದಾಗಿ ಜನಸಂಚಾರವೇ ನಿಂತುಹೋದ ಪುಟ್ಟ ಊರಿಗೆ ಬಂದು ಬೀಳುತ್ತಾನೆ, ತಾನು ಕೆಡಿಸಿದ ರಸ್ತೆಯನ್ನು ತಾನೇ ಸರಿಪಡಿಸುತ್ತಾ ಅಲ್ಲಿಯವರಿಗೆ ಬೇಕಾದವನಾಗುತ್ತಾನೆ, ಕೊನೆಯ ಪಂದ್ಯದಲ್ಲಿ ಗೆಲುವಿನ ಗೆರೆಯ ಮುಂದೆ ನಿಂತುಬಿಟ್ಟು, ಅಪಘಾತಕ್ಕೀಡಾದ ಹಿರಿಯನನ್ನು ಹಿಂದಿನಿಂದ ತಳ್ಳಿ ಗುರಿ ಮುಟ್ಟಿಸುತ್ತಾನೆ. ಅಮೆರಿಕದ ಹಳೆಯ ಹೆದ್ದಾರಿ ರೂಟ್ 66 ನೆಲವನ್ನು ಸೀಳದೆ ಅದರ ಏರಿಳಿತಗಳ ಜೊತೆಗೇ ಸಾಗುತ್ತಿತ್ತೆಂದು ಆ ಊರಿನ ಸ್ಯಾಲಿ ನೆನಪಿಸಿಕೊಳ್ಳುವ ಆ ನಿಧಾನವಾದ ಭಾಗ ಬಂದಾಗ ನಾನು ಕಥೆ ಹೇಳುವುದನ್ನೂ ನಿಲ್ಲಿಸುತ್ತೇನೆ.

ಎರಡನೆಯದನ್ನು ಹೀಗೆ ಹೇಳಲು ಬರುವುದಿಲ್ಲ. ಟೋಕಿಯೊ, ಇಟಲಿ, ಲಂಡನ್ ಎಂದು ಓಡುವ ಗೂಢಚಾರರ ಕಥೆಯಲ್ಲಿ, ಪರ್ಯಾಯ ಇಂಧನದ ಹೆಸರು ಕೆಡಿಸಲು ಅದರ ಪ್ರಚಾರಕನೇ ಹೂಡಿದ ಸಂಚನ್ನು ನಾಲ್ಕು ವರ್ಷದವನಿಗೆ ಹೇಗೆ ಬಿಡಿಸಿ ಹೇಳಲಿ? ಆರಂಭದಲ್ಲೇ ಒಬ್ಬ ಗೂಢಚಾರನನ್ನು ಕಬ್ಬಿಣದ ಚೌಕಾಕಾರದ ಗಟ್ಟಿಯಾಗಿ ಜಜ್ಜಿದ್ದನ್ನು ತೋರಿಸುತ್ತಾರೆ, ಮುಂದೆ ಇನ್ನೊಬ್ಬನನ್ನು ಎಂಜಿನ್ ಉರಿಸಿ ಕೊಲ್ಲುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಎಲ್ಲ ವಯಸ್ಸಿನವರೂ ನೋಡಬಹುದಾದ ಚಿತ್ರವೆಂಬ ಪ್ರಮಾಣಪತ್ರ ದೊರೆತಿದೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಖಳರ ಆಯ್ಕೆ. ಮಾರುಕಟ್ಟೆಯಲ್ಲಿ ಸೋತು, ಮೇಲಿಂದ ಮೇಲೆ ಕೆಟ್ಟು ನಿಂತು, ಎಲ್ಲರ ನಗೆಗೆ ಗುರಿಯಾದ ಮಾದರಿಯ ಕಾರುಗಳೇ ಇಲ್ಲಿ ದುಷ್ಟರು. ಮೆಕ್ವೀನನ ಗೆಳೆಯನಾದ, ತುಕ್ಕು ಹಿಡಿದ ಟೋ ಟ್ರಕ್ ಮೇಟರನನ್ನು ಪ್ರೀತಿಸಿರೆಂದು ಹೇಳುವ ಚಿತ್ರವೇ ಹುಟ್ಟಿನಿಂದ ದೋಷವಿರುವವರನ್ನು ಶತ್ರುಗಳನ್ನಾಗಿ ನಿಲ್ಲಿಸುವುದು ಸರಿಯಲ್ಲ. ಶ್ರೇಷ್ಠ ಅನಿಮೇಷನ್ ಚಿತ್ರಕ್ಕೆ ಪ್ರತ್ಯೇಕ ಆಸ್ಕರ್ ಕೊಡತೊಡಗಿದ ಮೇಲೆ ಅದಕ್ಕೆ ನಾಮನಿರ್ದೇಶನ ಸಿಗದ ಮೊದಲ ಪಿಕ್ಸಾರ್ ಚಿತ್ರ ಇದೇ ಎಂಬುದು ನನಗೆ ಆಶ್ಚರ್ಯ ತರಲಿಲ್ಲ.

ಆದರೂ ಮಗನ ಪಕ್ಕದಲ್ಲಿ ಕುಳಿತು ಮತ್ತೆ ಮತ್ತೆ ನೋಡಿದ ಮೇಲೆ, ಸಂಚಿನ ಗೋಜಿಗೇ ಅವನು ಹೋಗಿಲ್ಲವೆಂಬುದು ನನಗೆ ತಿಳಿಯಿತು. ಟೋಕಿಯೊದ ದೊಡ್ಡ ಔತಣದಲ್ಲಿ ಮೇಟರ್ ಖಾರದ ವಸಾಬಿಯನ್ನು ಐಸ್‌ಕ್ರೀಮೆಂದು ಬಾಯಿತುಂಬ ತಿನ್ನುತ್ತಾನೆ, ಎಲ್ಲರೆದುರು ಎಣ್ಣೆ ಸೋರಿಸಿಕೊಂಡು ಗೆಳೆಯನ ಮರ್ಯಾದೆ ಕಳೆಯುತ್ತಾನೆ, ಪಂದ್ಯ ಸೋತ ಮೆಕ್ವೀನನಿಂದ ಬೈಸಿಕೊಳ್ಳುತ್ತಾನೆ. ಆ ಹೊತ್ತಿಗೆ ಮಗ ತಪ್ಪದೆ ನನ್ನ ಮಡಿಲಿಗೆ ಬಂದು ಕೂರುತ್ತಾನೆ. ಊರು ಕಳೆದುಕೊಂಡವರ ದುಃಖ ಅವನಿಗೆ ಇನ್ನೂ ದೂರದ್ದು. ಹಾಲು ಚೆಲ್ಲಿ, ನೆಂಟರೆದುರು ತಪ್ಪು ಮಾತಾಡಿ, ಪ್ರೀತಿಸುವವರಿಂದಲೇ ಬೈಸಿಕೊಳ್ಳುವುದು ಅವನ ದಿನದಿನದ ಅನುಭವ. ಬೈದವನೇ ಹುಡುಕಿಕೊಂಡು ಬಂದು, ನೀನು ಇರುವ ಹಾಗೆಯೇ ಇರು ಎನ್ನುವವರೆಗೆ ಅವನು ಮಿಸುಕುವುದಿಲ್ಲ.

ಮೇಟರನನ್ನೂ ಗೂಢಚಾರನೆಂದು ತಿಳಿದವರು, ವೇಷ ಮರೆಸಲು ನಿನ್ನ ನೆಗ್ಗುಗಳನ್ನು ಸರಿಪಡಿಸಬೇಕೆಂದಾಗ ಮೇಟರ್ ಒಪ್ಪದ ದೃಶ್ಯವೊಂದಿದೆ; ಪ್ರತಿಯೊಂದೂ ಗೆಳೆಯನ ಜೊತೆಗಿದ್ದಾಗ ಆದದ್ದು, ಅವನಿಗೆ ಅವು ಬೆಲೆಬಾಳುವಂಥವು. ಅದನ್ನು ಮಗನಿಗೆ ಎಂದೋ ಕನ್ನಡದಲ್ಲಿ ಹೇಳಿ ನಾನು ಮರೆತಿದ್ದೆ. ಕಳೆದ ವಾರ, ಬಣ್ಣವೆಲ್ಲ ಕಿತ್ತುಹೋದ ಅವನ ಆಟಿಕೆಯ ಮೇಟರನ ಬದಲು ಹೊಸದನ್ನು ಕೊಡಿಸುತ್ತೇನೆಂದಾಗ ಅವನು ಬೇಡವೆಂದು ಅದನ್ನು ಎದೆಗೊತ್ತಿಕೊಂಡ. ಆಮೇಲೆ ಒಂದೊಂದು ಗೀರಿನ ಮೇಲೂ ಬೆರಳಿಟ್ಟು, “ಇದು ಅಜ್ಜಿ ಮನೆ ಮೆಟ್ಟಿಲು, ಇದು ನೀನು ಬೈದ ದಿನ ಎಸೆದದ್ದು” ಎಂದು ಹೇಳಿದ.

ಈಗ ಆರಂಭದ ಹಿಂಸೆಯನ್ನು ದಾಟಿಸಿ, ಮೇಟರ್ ಊರಿನಲ್ಲಿ ಮೆಕ್ವೀನನ ದಾರಿ ಕಾಯುತ್ತಿರುವಲ್ಲಿಂದ ಚಿತ್ರವನ್ನು ಹಾಕುತ್ತೇನೆ.