ವಿಲೀನದ ಘೋಷಣೆಯಲ್ಲಿ ನಾನು ಮೊದಲು ಹುಡುಕುವುದು

ಬೆಂಗಳೂರಿನ ಒಂದು ಪಾವತಿ ಸೇವೆಯ ಪ್ಲಾಟ್‌ಫಾರ್ಮ್ ತಂಡದಲ್ಲಿ ನನ್ನ ಕೆಲಸ. ಗ್ರಾಹಕರು ಹಣ ಕಳುಹಿಸಲು ಒಮ್ಮೆ ಒತ್ತಿದರೆ ಆ ಕೋರಿಕೆ ನಮ್ಮ ಅನೇಕ ಸರ್ವಿಸ್‌ಗಳನ್ನು (ಒಂದೊಂದು ಕೆಲಸ ಮಾಡುವ ಸಣ್ಣ ತಂತ್ರಾಂಶಗಳನ್ನು) ಹಾದುಹೋಗುತ್ತದೆ. ಎಲ್ಲಿ ತಡವಾಯಿತೆಂದು ಪತ್ತೆ ಹಚ್ಚಲು ಟ್ರೇಸಿಂಗ್, ಅಂದರೆ ಕೋರಿಕೆ ಸಾಗಿದ ದಾರಿಯ ದಾಖಲೆ, ಇಲ್ಲದೆ ಆಗದು. ಜಾವಾ ಭಾಷೆಯಲ್ಲಿ ಬರೆದ ನಮ್ಮ ಸರ್ವಿಸ್‌ಗಳು ಅದಕ್ಕೆ ಓಪನ್‌ಟ್ರೇಸಿಂಗ್ ಬಳಸುತ್ತಿದ್ದವು, ಗೋ ಭಾಷೆಯವು ಓಪನ್‌ಸೆನ್ಸಸ್ ಬಳಸುತ್ತಿದ್ದವು. 2019ರಲ್ಲಿ ಈ ಎರಡೂ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳು ಸೇರಿ ಓಪನ್‌ಟೆಲಿಮೆಟ್ರಿ ಆಗುವುದಾಗಿ ಘೋಷಿಸಿದವು.

ವಿಲೀನ ಆಗಲೇಬೇಕಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಓಪನ್‌ಟ್ರೇಸಿಂಗ್ ಕೇವಲ ಎಪಿಐ (ಕೋಡ್ ಅದನ್ನು ಕರೆಯಬೇಕಾದ ರೀತಿ) ನಿಗದಿಪಡಿಸಿ, ಉಳಿದದ್ದನ್ನು ಯೇಗರ್‌ನಂಥ ಟ್ರೇಸಿಂಗ್ ಉಪಕರಣಗಳಿಗೆ ಬಿಟ್ಟಿತ್ತು. ಗೂಗಲ್‌ನಿಂದ ಬಂದ ಓಪನ್‌ಸೆನ್ಸಸ್‌ನಲ್ಲಿ ಅನುಷ್ಠಾನವೂ ಮೆಟ್ರಿಕ್ಸ್ (ಅಳತೆಯ ಅಂಕಿಗಳು) ಕೂಡ ಇದ್ದವು. ಲೈಬ್ರರಿ, ಅಂದರೆ ಇತರರು ಬಳಸುವ ಸಿದ್ಧ ಕೋಡ್, ಬರೆಯುವವರಿಗೆ ಯಾವುದನ್ನು ಸೇರಿಸುವುದೆಂಬ ಗೊಂದಲವಿತ್ತು.

ಸುದ್ದಿ ಬಂದ ಕೂಡಲೇ ನಮ್ಮ ತಂಡಗಳು ಕೇಳಿದ್ದು ಒಂದೇ ಪ್ರಶ್ನೆ: ಈಗ ಬರೆಯುತ್ತಿರುವ ಕೋಡ್ ನಾಳೆಯೂ ಓಡುತ್ತದೆಯೇ? ಘೋಷಣೆಯಲ್ಲಿ ಇದಕ್ಕೆ ಎರಡು ಬಗೆಯ ಉತ್ತರವಿತ್ತು. ಒಂದು ವೇಳಾಪಟ್ಟಿ: 2019ರ ನವೆಂಬರ್ ಹೊತ್ತಿಗೆ ಹಳೆಯ ಎರಡನ್ನೂ ಮುಚ್ಚುವ ಕೆಲಸ ಶುರುವಾಗುತ್ತದೆ. ಇನ್ನೊಂದು ಭರವಸೆ: ಹಳೆಯ ಎಪಿಐಗೆ ಬರೆದ ಕೋಡ್ ಹೊಸದರ ಮೇಲೆ ಓಡಲು ಸೇತುವೆ ಲೈಬ್ರರಿ ಕೊಡುತ್ತೇವೆ.

ವೇಳಾಪಟ್ಟಿ ನಿಲ್ಲಲಿಲ್ಲ. ಓಪನ್‌ಟೆಲಿಮೆಟ್ರಿಯ ಟ್ರೇಸಿಂಗ್ ನಿರ್ದಿಷ್ಟತೆಯ 1.0 ಆವೃತ್ತಿ ಬಂದದ್ದು 2021ರ ಫೆಬ್ರವರಿಯಲ್ಲಿ. ಓಪನ್‌ಟ್ರೇಸಿಂಗ್ ಅಧಿಕೃತವಾಗಿ ಆರ್ಕೈವ್ ಆದದ್ದು, ಅಂದರೆ ಮುಚ್ಚಿದ್ದು, 2022ರಲ್ಲಿ, ಓಪನ್‌ಸೆನ್ಸಸ್‌ನ ಬಹುತೇಕ ಕೋಡ್ ರೆಪಾಸಿಟರಿಗಳದ್ದು 2023ರ ಜುಲೈ ಕೊನೆಗೆ. ಭರವಸೆ ಮಾತ್ರ ನಿಂತಿತು. ಜಾವಾದಲ್ಲಿ ಓಪನ್‌ಟ್ರೇಸಿಂಗ್‌ಗೆ, ಗೋದಲ್ಲಿ ಓಪನ್‌ಸೆನ್ಸಸ್‌ಗೆ ಸೇತುವೆಗಳು ಬಂದವು. ದಿನಾಂಕ ವರ್ಷಗಟ್ಟಲೆ ಜಾರಿದರೂ ನಮ್ಮ ಕೆಲಸ ನಿಲ್ಲದಿರಲು ಈ ಎರಡನೆಯ ಉತ್ತರವೇ ಕಾರಣ. ಸ್ವಯಂಸೇವಕರೂ ಹಲವು ಕಂಪನಿಗಳ ಎಂಜಿನಿಯರ್‌ಗಳೂ ಸೇರಿ ಕಟ್ಟುವ ತಂತ್ರಾಂಶದಲ್ಲಿ ತಿಂಗಳು, ವಾರ ಹೇಳಿ ಉಳಿಸಿಕೊಳ್ಳುವುದು ಬಹಳ ಕಷ್ಟ. ‘ಇದು ಸಿದ್ಧವಾಗುವವರೆಗೆ ಅದನ್ನು ತೆಗೆಯುವುದಿಲ್ಲ’ ಎಂಬ ಷರತ್ತನ್ನು ಉಳಿಸಿಕೊಳ್ಳಬಹುದು.

ನಮ್ಮ ಸರ್ವಿಸ್‌ಗಳನ್ನು ಓಪನ್‌ಟೆಲಿಮೆಟ್ರಿಗೆ ಬದಲಾಯಿಸುವ ಒಳಗಿನ ಸೂಚನೆ ಬರೆಯುವ ಹೊಣೆ ನನ್ನದಾದಾಗ ಇದೇ ಕ್ರಮ ಹಿಡಿದೆ. ಉದಾಹರಣೆಗೆ ಹೆಡರ್‌ಗಳ ವಿಷಯ. ಒಂದು ಸರ್ವಿಸ್ ಇನ್ನೊಂದನ್ನು ಕರೆಯುವಾಗ ಆ ಕೋರಿಕೆಯ ಗುರುತು ಸಂಖ್ಯೆಯಾದ ಟ್ರೇಸ್ ಐಡಿ, ಕರೆಯ ಜೊತೆ ಹೋಗುವ ಎಚ್‌ಟಿಟಿಪಿ ಹೆಡರ್‌ನಲ್ಲಿ ಸಾಗುತ್ತದೆ. ನಮ್ಮ ಹಳೆಯ ಸರ್ವಿಸ್‌ಗಳು ಬಿ3 ಎಂಬ ಮಾದರಿಯ ಹೆಡರ್ ಕಳುಹಿಸುತ್ತಿದ್ದವು. ಓಪನ್‌ಟೆಲಿಮೆಟ್ರಿ ತಾನಾಗಿ ಬಳಸುವುದು ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಟ್ರೇಸ್‌ಪೇರೆಂಟ್ ಹೆಡರ್. ಅರ್ಧ ಸರ್ವಿಸ್‌ಗಳು ಹೊಸದಕ್ಕೆ ಬಂದು ಅರ್ಧ ಹಳೆಯದರಲ್ಲೇ ಉಳಿದರೆ ಪ್ರತಿ ಟ್ರೇಸ್ ನಡುವೆ ತುಂಡಾಗುತ್ತದೆ, ಅದೂ ಯಾವುದೇ ದೋಷ ಸಂದೇಶವಿಲ್ಲದೆ. ಹಾಗಾಗಿ ಸೂಚನೆಯಲ್ಲಿ ಬರೆದೆ: ಹೊಸದಕ್ಕೆ ಬರುವ ಪ್ರತಿ ಸರ್ವಿಸ್ ಎರಡೂ ಹೆಡರ್‌ಗಳನ್ನು ಓದಬೇಕು, ಎರಡನ್ನೂ ಕಳುಹಿಸಬೇಕು, ಕೊನೆಯ ಸರ್ವಿಸ್ ಬಂದ ಮೇಲೆಯೇ ಬಿ3 ತೆಗೆಯಬೇಕು. ಹೆಡರ್ ಓದಿ ಬರೆಯುವ ಭಾಗವಾದ ಪ್ರೊಪಗೇಟರ್‌ನ ಸೆಟ್ಟಿಂಗ್‌ನಲ್ಲಿ ಎರಡರ ಹೆಸರನ್ನೂ ಕೊಡಬಹುದು. ತಿಂಗಳಿನ ಹೆಸರೇ ಇಲ್ಲದ ಈ ಸೂಚನೆಯನ್ನು ನಮ್ಮ ವ್ಯವಸ್ಥಾಪಕರು ಮೊದಲು ಒಪ್ಪಲಿಲ್ಲ. ಯಾವ ಸರ್ವಿಸ್ ಇನ್ನೂ ಬಾಕಿ, ಅದರ ಹೊಣೆ ಯಾರದು ಎಂಬ ಪಟ್ಟಿಯನ್ನು ಪಕ್ಕದಲ್ಲಿ ಹಾಕಿದ ಮೇಲೆ ಒಪ್ಪಿದರು. ಆ ಪಟ್ಟಿಯನ್ನು ಪ್ರತಿ ವಾರ ತಿದ್ದುವುದು ಸೂಚನೆ ಬರೆಯುವುದಕ್ಕಿಂತ ದೊಡ್ಡ ಕೆಲಸ, ಮತ್ತು ತಂಡಗಳು ನಿಜವಾಗಿ ಓದಿದ್ದು ಅದನ್ನೇ.

ದಿನಾಂಕವನ್ನೂ ಚೆನ್ನಾಗಿ ನಿಭಾಯಿಸಿದವರಿದ್ದಾರೆ. ಸರ್ವರ್‌ಗಳಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಿಂದ 2014ರ ಕೊನೆಗೆ ಒಡೆದುಹೋದ ಐಒ ಜೆಎಸ್, ಮರುವರ್ಷವೇ ಮರಳಿ ಸೇರಿತು. ನೋಡ್ ಆಗ 0.12ರಲ್ಲಿತ್ತು, ಐಒ 3ರಲ್ಲಿತ್ತು; ಒಂದಾದ ಮೇಲೆ 2015ರ ಸೆಪ್ಟೆಂಬರ್‌ನಲ್ಲಿ ಬಂದದ್ದು 4.0. ಎರಡೂ ಕಡೆಯವರಿಗೆ ಅದು ಮುಂದಿನ ಸಂಖ್ಯೆಯೇ. ಸಮಸಂಖ್ಯೆಯ ಸರಣಿಗಳಿಗೆ ದೀರ್ಘಾವಧಿ ಬೆಂಬಲ ಎಂಬ ನಿಯಮವೂ ಜೊತೆಗೆ ಬಂತು. 4ರ ಬೆಂಬಲ 2018ರ ಏಪ್ರಿಲ್‌ವರೆಗೆ ನಡೆಯಿತು. ಸರ್ವರ್ ನೋಡಿಕೊಳ್ಳುವವರಿಗೆ ಇಂಥ ನಿಯಮ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದು ರಾತ್ರಿ ಪಾಳಿ ಮಾಡಿದವರಿಗೆ ಗೊತ್ತು.

ಈಗ ಯಾವುದೇ ವಿಲೀನದ ಪ್ರಕಟಣೆ ಬಂದರೂ ಹೊಸ ಹೆಸರು, ಹೊಸ ಲಾಂಛನಗಳನ್ನು ಆಮೇಲೆ ನೋಡುತ್ತೇನೆ. ಮೊದಲು ಹುಡುಕುವುದು ಹಳೆಯ ಆವೃತ್ತಿಗೆ ಭದ್ರತಾ ತಿದ್ದುಪಡಿ ಯಾರು ಕೊಡುತ್ತಾರೆ, ಏನು ಪೂರ್ತಿಯಾದ ಮೇಲೆ ಅದನ್ನು ನಿಲ್ಲಿಸುತ್ತಾರೆ ಎಂಬ ಸಾಲುಗಳನ್ನು. ಅವು ಕಾಣದಿದ್ದರೆ ಆ ಪ್ರಾಜೆಕ್ಟ್‌ನ ಇಶ್ಯೂ ಪಟ್ಟಿಯಲ್ಲಿ ನೇರವಾಗಿ ಕೇಳುತ್ತೇನೆ. ಉತ್ತರ ಬರುವವರೆಗೆ ನಮ್ಮ ಯಾವ ತಂಡಕ್ಕೂ ಹೊಸದಕ್ಕೆ ಹೋಗಿ ಎಂದು ಹೇಳುವುದಿಲ್ಲ.