ಒಳ್ಳೆ ಜನ ಬಂದ್ರೆ ಸಾಕು

ಹೋದ ಶನಿವಾರ ಬೆಳಗ್ಗೆ ಪಕ್ಕದ ಮನೆ ತಾತ ಟೊಮೆಟೊ ತಂದುಕೊಟ್ಟರು. ಪ್ರತಿ ಆಗಸ್ಟ್‌ನಲ್ಲೂ ತರುತ್ತಾರೆ. ನಮ್ಮ ಎರಡು ಮನೆಗಳ ನಡುವೆ ಬೇಲಿ ಇಲ್ಲ. ಹುಲ್ಲು ದಾಟಿ ಸೀದಾ ಅಡುಗೆಮನೆ ಬಾಗಿಲಿಗೇ ಬರುತ್ತಾರೆ. ತಾತ ಅಂತ ಅವರಿಗೆ ಹೆಸರಿಟ್ಟವಳು ನನ್ನ ಮಗಳು. ಅವರಿಗೂ ಅದು ಅಭ್ಯಾಸವಾಗಿದೆ.

ಎದುರು ಮನೆ ಮಾರಾಟವಾಗಿದೆ. ಬೋರ್ಡಿನ ಮೇಲೆ ಕೆಂಪು ಪಟ್ಟಿ ಅಂಟಿಸಿದ್ದಾರೆ. ಇಬ್ಬರೂ ಅದನ್ನೇ ನೋಡುತ್ತಾ ನಿಂತಿದ್ದೆವು. "ಯಾರು ಬರ್ತಾರೋ, ಒಳ್ಳೆ ಜನ ಬಂದ್ರೆ ಸಾಕು" ಅಂದೆ. ಸುಮ್ನೆ, ಮಾತಿಗೆ ಅಂದ ಮಾತು.

ತಾತ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಕೈಗೆ ಅಂಟಿದ್ದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ, "ನಮ್ಮಪ್ಪನೂ ಇದೇ ಮಾತು ಹೇಳುತ್ತಿದ್ದರು" ಅಂದರು.

ನಾವಿರುವುದು ಪೆನ್ಸಿಲ್ವೇನಿಯಾದ ಲೆವಿಟೌನ್‌ನಲ್ಲಿ. ತರಕಾರಿ ಬೆಳೆಯುತ್ತಿದ್ದ ಹೊಲಗಳ ಮೇಲೆ 1952ರಿಂದ 1958ರೊಳಗೆ 17,311 ಮನೆ ಎದ್ದು ನಿಂತ ಜಾಗ ಇದು. ಒಂದೊಂದು ಗುಂಪಿಗೆ ಒಂದೊಂದೇ ಕೆಲಸ. ಈ ಮನೆಯಲ್ಲಿ ಮುಗಿಸಿ ಪಕ್ಕದ ಮನೆಗೆ, ಅಲ್ಲಿಂದ ಅದರ ಪಕ್ಕದ ಮನೆಗೆ. ಹಾಗೆ ಕಟ್ಟಿದ್ದಂತೆ. ಒಂದು ಬಡಾವಣೆಯ ಬೀದಿಗಳ ಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಹತ್ತಿರದಲ್ಲೇ, ಡೆಲವೇರ್ ನದಿ ದಂಡೆಯಲ್ಲಿ, ಆಗಷ್ಟೇ ಫೇರ್‌ಲೆಸ್ ಉಕ್ಕಿನ ಕಾರ್ಖಾನೆ ಶುರುವಾಗಿತ್ತು. ತಾತನ ಅಪ್ಪ ಕಲ್ಲಿದ್ದಲು ಗಣಿಯ ಊರಿನಿಂದ ಅಲ್ಲಿಗೆ ಕೆಲಸಕ್ಕೆ ಬಂದವರು. ಸ್ವಂತ ಮನೆ ಅಂತ ಅವರ ವಂಶದಲ್ಲೇ ಅದು ಮೊದಲನೆಯದು.

ಬೇಲಿ ಹಾಕಬಾರದು, ಭಾನುವಾರ ಬಟ್ಟೆ ಒಣಗಿಸಬಾರದು ಅಂತೆಲ್ಲ ಆಗ ನಿಯಮ ಇತ್ತು. ಇದನ್ನು ಊರಲ್ಲಿ ಎಷ್ಟು ಜನರಿಗೆ ಹೇಳಿದ್ದೇನೋ! ನೋಡಿ, ಎಷ್ಟು ಅಚ್ಚುಕಟ್ಟು ಅಂತ. ಇನ್ನೊಂದು ನಿಯಮ ನನಗೆ ಗೊತ್ತೇ ಇರಲಿಲ್ಲ. ಈ ಮನೆಗಳನ್ನು ಕಟ್ಟಿದ ಕಂಪನಿ ಕಪ್ಪು ಜನರಿಗೆ ಮನೆ ಮಾರುತ್ತಿರಲಿಲ್ಲ.

1957ರ ಆಗಸ್ಟ್‌ನಲ್ಲಿ ವಿಲಿಯಂ ಮತ್ತು ಡೈಸಿ ಮೈಯರ್ಸ್ ಅನ್ನುವ ಕಪ್ಪು ದಂಪತಿ ಮೂರು ಸಣ್ಣ ಮಕ್ಕಳ ಜೊತೆ ಡೀಪ್‌ಗ್ರೀನ್ ಲೇನ್‌ಗೆ ಬಂದರು. ಕಂಪನಿಯಿಂದಲ್ಲ, ಮೊದಲು ಅಲ್ಲಿದ್ದವರಿಂದ ಮನೆ ಕೊಂಡಿದ್ದರು. ವಿಲಿಯಂ ಎರಡನೇ ಮಹಾಯುದ್ಧದ ಸಮಯದಲ್ಲಿ ಸೈನ್ಯದಲ್ಲಿದ್ದವರು. ಡೈಸಿ ಟೀಚರ್ ಆಗಿದ್ದವರು. ಸುದ್ದಿ ಹಬ್ಬಿತು. ಸಂಜೆಯಾಗುತ್ತಿದ್ದ ಹಾಗೆ ಮನೆ ಮುಂದೆ ನೂರಾರು ಜನ.

ತಾತನಿಗೆ ಆಗ 7 ವರ್ಷ. "ಊಟ ಮುಗಿಸಿ ಎಲ್ಲರೂ ಹೋಗುತ್ತಿದ್ದೆವು. ಅಮ್ಮ ಸ್ಯಾಂಡ್‌ವಿಚ್ ಕಟ್ಟಿಕೊಡುತ್ತಿದ್ದಳು. ಕಾಣಿಸಲಿ ಅಂತ ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದರು" ಅಂದರು. ನಮ್ಮಲ್ಲಿ ಮಕ್ಕಳಿಗೆ ತೇರು ತೋರಿಸುವ ಹಾಗೆ.

ಮುಂದಿನ ದೊಡ್ಡ ಕಿಟಕಿಗೆ ಕಲ್ಲು ಬಿತ್ತು. ಇನ್ನೊಂದು ರಾತ್ರಿ ಕಲ್ಲೇಟು ತಿಂದ ಪೊಲೀಸಿನವರೊಬ್ಬರು ಎಚ್ಚರ ತಪ್ಪಿ ಬಿದ್ದರು. ಹಿಂದಿನ ಖಾಲಿ ಮನೆ ಹಿಡಿದು ಕೆಲವರು ಬಾವುಟ ಕಟ್ಟಿ ಜೋರಾಗಿ ಹಾಡು ಹಾಕಿದರು, ಒಳಗಿರುವವರು ನಿದ್ದೆ ಮಾಡಬಾರದು ಅಂತ. ಪಕ್ಕದ ಮನೆಯ ವೆಕ್ಸ್ಲರ್ ದಂಪತಿ ಮೈಯರ್ಸ್ ಕುಟುಂಬದ ಜೊತೆ ನಿಂತರು. ಅವರ ಮನೆ ಗೋಡೆಗೂ ಬೆದರಿಕೆಯ ಬಣ್ಣ ಬಳಿದರು. ಕೊನೆಗೆ ರಾಜ್ಯ ಸರ್ಕಾರವೇ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರಬೇಕಾಯಿತು.

"ನನ್ನ ಕೈಯಲ್ಲೂ ಒಂದು ಕಲ್ಲಿತ್ತು" ಅಂದರು ತಾತ. "ಎಸೆಯಲಿಲ್ಲ. ಹಿಡಿದುಕೊಂಡೇ ಇದ್ದೆ. ಅಪ್ಪ ನೋಡಿದರು. ಬಿಸಾಕು ಅನ್ನಲಿಲ್ಲ."

ಅವರ ಅಪ್ಪ ಕೆಟ್ಟವರಲ್ಲವಂತೆ. ಚರ್ಚಿಗೆ ತಪ್ಪದೆ ಹೋಗುತ್ತಿದ್ದರು. ಯಾರ ಕಾರು ಕೆಟ್ಟರೂ ಹೋಗಿ ರಿಪೇರಿ ಮಾಡಿಕೊಡುತ್ತಿದ್ದರು. ಮನೆಯ ಬೆಲೆ ಬಿದ್ದುಹೋಗುತ್ತೆ, ಇದ್ದದ್ದೆಲ್ಲ ಇದರ ಮೇಲೇ ಹಾಕಿದ್ದೀನಿ, ಒಳ್ಳೆ ಜನ ಬಂದರೆ ಸಾಕು. ಅಷ್ಟೇ ಅವರ ಮಾತು.

ಟೊಮೆಟೊ ಬುಟ್ಟಿ ಹಿಡಿದು ಒಳಗೆ ಬಂದೆ. ಕೈಕಾಲು ಆಡಲಿಲ್ಲ. "ಒಳ್ಳೆ ಜನ" ಅನ್ನುವ ಮಾತು ನನಗೆ ಎಲ್ಲಿಂದ ಬಂತು ಅಂತ ಗೊತ್ತಾಗಿಬಿಟ್ಟಿತ್ತು.

1989ರ ಬೇಸಿಗೆ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಅಪ್ಪ ಸಾಲ ಮಾಡಿ ಆಗ ತಾನೇ ಮಹಡಿ ಕಟ್ಟಿಸಿದ್ದರು. ಗೇಟಿಗೆ "ಮನೆ ಬಾಡಿಗೆಗೆ ಇದೆ" ಅಂತ ತಗಡಿನ ಬೋರ್ಡು. ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಒಬ್ಬರು ಬಂದರು. ಹೈಸ್ಕೂಲು ಮೇಷ್ಟ್ರು, ಇನ್ನೂ ಹುಡುಗನ ಹಾಗೇ ಇದ್ದರು. ನನಗೆ 9 ವರ್ಷ, ಬೀಗದ ಕೈ ಹಿಡಿದು ಮಹಡಿ ತೋರಿಸಿದವಳು ನಾನೇ. ನಲ್ಲಿ ತಿರುಗಿಸಿ ನೋಡಿದರು. ಕಿಟಕಿ ತೆಗೆದು ಗಾಳಿ ಚೆನ್ನಾಗಿ ಬರುತ್ತೆ ಅಂದರು. ನಮ್ಮ ತಾಯಿಗೆ ಮಂಡಿ ನೋವು, ಮೆಟ್ಟಿಲು ಹತ್ತಬಹುದೇನೋ ಅಂತ ಮೆಟ್ಟಿಲು ಎಣಿಸಿಕೊಂಡು ಇಳಿದರು. ಮುಂಗಡ ಎಷ್ಟು ಅಂತ ಕೇಳಿದರು.

ಅಮ್ಮ ನಗುತ್ತಲೇ, "ಯಾವ ಊರಾಯ್ತು ನಿಮ್ಮದು?" ಅಂದರು.

"ಇಲ್ಲೇ ಅಮ್ಮ, ಮೈಸೂರೇ. ಅಶೋಕಪುರಂ."

ಮೈಸೂರಿನವರಿಗೆ ಮುಂದೆ ಹೇಳಬೇಕಾಗಿಲ್ಲ. ಹಿಂದೆ ಆದಿಕರ್ನಾಟಕಪುರ ಅಂತಿದ್ದ ದಲಿತರ ಬಡಾವಣೆ ಅದು. ಅಲ್ಲಿಯವರು ಅಂದರೆ ಯಾವ ಜನ ಅಂತ ಕೇಳುವ ಅಗತ್ಯವೇ ಇಲ್ಲ. ಅಮ್ಮನ ದನಿ ಬದಲಾಗಲಿಲ್ಲ. "ಅಯ್ಯೋ, ನೆನ್ನೆ ತಾನೇ ಒಬ್ಬರಿಗೆ ಮಾತಾಗಿಬಿಟ್ಟಿದೆಯಲ್ಲಪ್ಪ" ಅಂದರು. ಮೇಷ್ಟ್ರು ನೀರು ಕೇಳಿದರು. ನಾನು ತಂದುಕೊಟ್ಟೆ. ಲೋಟ ಎತ್ತಿ ಕುಡಿದು ಕಟ್ಟೆ ಮೇಲಿಟ್ಟರು. ಹೊರಡುವಾಗ ಗೇಟು ತೆಗೆದ ರಭಸಕ್ಕೆ ಬೋರ್ಡು ಲಟಲಟ ಬಡಿದುಕೊಂಡಿತು. ಅವರು ಅದನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಆಮೇಲೆ ಸೈಕಲ್ ಹತ್ತಿದರು.

ಬೋರ್ಡು ಇನ್ನೂ ಒಂದು ತಿಂಗಳು ಅಲ್ಲೇ ಇತ್ತು. ಆ ಲೋಟ ಅಡುಗೆಮನೆಗೆ ವಾಪಸ್ ಬರಲಿಲ್ಲ. ಬಚ್ಚಲಮನೆಯಲ್ಲಿ ಸೀಗೆಪುಡಿ ಹಾಕಿಡುವುದಕ್ಕಾಯಿತು. ಭಾನುವಾರ ಭಾನುವಾರ ತಲೆಗೆ ನೀರು ಹಾಕಿಕೊಳ್ಳುವಾಗ ನಾನು ಅದನ್ನು ನೋಡುತ್ತಿದ್ದೆ.

ನಮ್ಮಮ್ಮನೂ ಕೆಟ್ಟವರಲ್ಲ. ಬೀದಿಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮೊದಲು ಗಂಜಿ ಹೋಗುತ್ತಿದ್ದುದು ನಮ್ಮ ಮನೆಯಿಂದ. ಕೇಳಿದ್ದರೆ ಅವರೂ ಲೆಕ್ಕವನ್ನೇ ಹೇಳುತ್ತಿದ್ದರು. ಇವರಿಗೆ ಕೊಟ್ಟರೆ ನಾಳೆ ಬೇರೆಯವರು ಬಾಡಿಗೆಗೆ ಬರಲ್ಲ, ಸಾಲ ಯಾರು ತೀರಿಸ್ತಾರೆ ಅಂತ.

14 ವರ್ಷದ ಹಿಂದೆ ನಾವು ಈ ಮನೆ ನೋಡಲು ಬಂದಾಗ ಯಾರೂ ನಮ್ಮನ್ನು ನೀವು ಯಾವ ಜನ, ಏನು ತಿನ್ನುತ್ತೀರಿ ಅಂತ ಕೇಳಲಿಲ್ಲ. ಬಣ್ಣ, ಧರ್ಮ, ಹುಟ್ಟಿದ ದೇಶ ನೋಡಿ ಮನೆ ಇಲ್ಲ ಅನ್ನಬಾರದು ಅಂತ 1968ರಲ್ಲೇ ಇಲ್ಲಿ ಕಾನೂನು ಬಂತು. ಅದನ್ನು ನಾನು ಈ ದೇಶದ ದೊಡ್ಡತನ ಅಂದುಕೊಂಡಿದ್ದೆ. ಒಬ್ಬಳು ಟೀಚರಮ್ಮ ಒಡೆದ ಕಿಟಕಿಯ ಮನೆಯಲ್ಲಿ ಮೂರು ಮಕ್ಕಳನ್ನು ಮಲಗಿಸಿಕೊಂಡು ರಾತ್ರಿ ಕಳೆದದ್ದು ಗೊತ್ತಿರಲಿಲ್ಲ. ಮೈಯರ್ಸ್ ಕುಟುಂಬ 1961ರವರೆಗೆ ಆ ಮನೆಯಲ್ಲಿತ್ತು. ಡೈಸಿ ಮುಂದೆ ಶಾಲೆಯೊಂದರ ಪ್ರಿನ್ಸಿಪಾಲ್ ಆದರು. 1999ರಲ್ಲಿ ಇಲ್ಲಿಯ ಮೇಯರ್ ಅವರನ್ನು ಕರೆಸಿ ಊರಿನ ಪರವಾಗಿ ಕ್ಷಮೆ ಕೇಳಿದರಂತೆ. ಒಂದು ಮರಕ್ಕೆ ಅವರ ಹೆಸರಿಟ್ಟರಂತೆ.

ಭಾನುವಾರ ಸಂಜೆ ಡೀಪ್‌ಗ್ರೀನ್ ಲೇನ್‌ಗೆ ಹೋಗಿ ನಡೆದು ಬಂದೆ. ನಮ್ಮ ಬೀದಿಯ ಹಾಗೇ ಇದೆ. ಅದೇ ಹುಲ್ಲು, ಅದೇ ಗಿಡ್ಡ ಮಾಡು.

ಮನೆಗೆ ಬಂದಾಗ ಅಣ್ಣನ ಮೆಸೇಜ್ ಇತ್ತು. ಮೈಸೂರಿನ ಮಹಡಿ ಮತ್ತೆ ಖಾಲಿಯಾಗಿದೆ. ಹೊಸ ಬೋರ್ಡು ಬರೆಸಿ ಫೋಟೋ ಕಳಿಸಿದ್ದಾನೆ. ಮೊದಲ ಸಾಲು, ಮನೆ ಬಾಡಿಗೆಗೆ ಇದೆ. ಎರಡನೇ ಸಾಲು, ಸಸ್ಯಾಹಾರಿಗಳಿಗೆ ಮಾತ್ರ. ಎರಡನೇ ಸಾಲು ಯಾಕೆ ಅಂತ ಕೇಳಿದೆ. "ಎಲ್ಲರೂ ಹಾಕ್ತಾರೆ. ಅಮ್ಮನ್ನ ಕೇಳು" ಅಂತ ಬರೆದ.

ಅಮ್ಮನಿಗೆ ಫೋನ್ ಮಾಡಿದೆ. ಈಗ ಅವರಿಗೆ 78. ಬೋರ್ಡಿನ ಮಾತು ತೆಗೆಯಲಿಲ್ಲ. ಪಕ್ಕದ ಮನೆ ತಾತ ಹೇಳಿದ್ದನ್ನು ಪೂರ್ತಿ ಹೇಳಿದೆ, ಕಲ್ಲಿನವರೆಗೆ. ಆಮೇಲೆ, "ಅಮ್ಮ, ಆಗ ಮಹಡಿ ಮನೆ ಕೇಳಿಕೊಂಡು ಒಬ್ಬರು ಮೇಷ್ಟ್ರು ಬಂದಿದ್ದರು, ನೆನಪಿದೆಯಾ?" ಅಂದೆ.

ಯೋಚಿಸಲೇ ಇಲ್ಲ. "ಅಶೋಕಪುರಂ ಹುಡುಗನಾ?" ಅಂದರು. ಸ್ವಲ್ಪ ತಡೆದು, "ತಾಯಿಗೆ ಮಂಡಿ ನೋವು ಅಂದಿದ್ದ. ಇನ್ನೊಂದು ಲೋಟ ನೀರು ಬೇಕಿತ್ತು ಅವನಿಗೆ. ಕೇಳಲಿಲ್ಲ."

ಇಬ್ಬರೂ ಹಾಗೇ ಫೋನು ಹಿಡಿದುಕೊಂಡಿದ್ದೆವು. ಆ ಕಡೆ ಕುಕ್ಕರ್ ಕೂಗಿತು. ಇಡ್ತೀನಮ್ಮ ಅಂದರು.

ನೆನ್ನೆ ಅಣ್ಣ ಇನ್ನೊಂದು ಫೋಟೋ ಕಳಿಸಿದ. ಏನೂ ಬರೆದಿರಲಿಲ್ಲ. ಬೋರ್ಡಿನ ಎರಡನೇ ಸಾಲಿನ ಮೇಲೆ ಬಿಳಿ ಬಣ್ಣ ಬಳಿದಿದ್ದಾರೆ. ಒಂದೇ ಕೋಟು. ಫೋಟೋ ದೊಡ್ಡದು ಮಾಡಿ ನೋಡಿದರೆ ಅಡಿಯ ಅಕ್ಷರ ಇನ್ನೂ ಕಾಣುತ್ತದೆ.